ದುರ್ಗದಲ್ಲೇ ಪ್ರತಿ ಇದ್ದರೂ ಲ್ಯಾಬ್ ಯಂತ್ರಗಳು ದಾವಣಗೆರೆಗೇಕೆ ಓಡುತ್ತವೆ?

ಪ್ರಶ್ನೆ: ನಮ್ಮ ಕಾಲೇಜಿನ ಮುಖ್ಯ ಕ್ಯಾಂಪಸ್ ದಾವಣಗೆರೆಯಲ್ಲಿದೆ, ಇನ್ನೊಂದು ಚಿತ್ರದುರ್ಗದಲ್ಲಿ. ಎರಡೂ ಕಡೆ ಲಿನಕ್ಸ್ ಲ್ಯಾಬ್‌ಗಳಿವೆ. ಹಲವು ಸರ್ವರ್‌ಗಳ ಫೈಲುಗಳನ್ನು ಒಂದೇ ಮರದಂತೆ ತೋರಿಸುವ ಓಪನ್‌ಎಎಫ್‌ಎಸ್ (ಎಎಫ್‌ಎಸ್) ಹಾಕಿದ್ದೇವೆ, ಫೈಲ್ ಸರ್ವರ್‌ಗಳ ಹೆಸರು ದವನ1 ಮತ್ತು ದುರ್ಗ1. ಲ್ಯಾಬ್ ತಂತ್ರಾಂಶಗಳೆಲ್ಲ ಇರುವ 40 ಜಿಬಿಯ 'ಲ್ಯಾಬ್.ಸಾಫ್ಟ್' ವಾಲ್ಯೂಮಿಗೆ (ಒಟ್ಟಾಗಿ ನಿರ್ವಹಿಸುವ ಫೈಲುಗಳ ಕಟ್ಟು) ದುರ್ಗ1ರಲ್ಲಿ ರೀಡ್‌ಓನ್ಲಿ, ಅಂದರೆ ಓದಲು ಮಾತ್ರ ಬರುವ, ಪ್ರತಿ ಮಾಡಿದೆ. ಪ್ರತಿಯ ಜಾಗ ಸೂಚಿಸುವ ಆ್ಯಡ್‌ಸೈಟ್, ಅಲ್ಲಿಗೆ ದತ್ತಾಂಶ ಕಳಿಸುವ ರಿಲೀಸ್ ಎರಡೂ ತಕರಾರಿಲ್ಲದೆ ಮುಗಿದವು. ಆದರೂ ದುರ್ಗದ ಲ್ಯಾಬಿನಲ್ಲಿ ತಂತ್ರಾಂಶ ತೆರೆಯಲು ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ. ಮೊನ್ನೆ ಹೈವೇ ಬದಿಯ ಅಗೆತದಲ್ಲಿ ಕೇಬಲ್ ತುಂಡಾದಾಗ ಅಲ್ಲಿನ ಯಂತ್ರಗಳೆಲ್ಲ ನಿಂತೇಹೋದವು. ಪ್ರತಿ ಇದ್ದೂ ಹೀಗೇಕೆ? ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಪ್ರತಿ ಸರಿಯಾಗಿಯೇ ಇದೆ. ಅದನ್ನು ಯಾರೂ ಓದುತ್ತಿಲ್ಲ, ಅಷ್ಟೇ. ದುರ್ಗದ ಯಾವುದಾದರೂ ಒಂದು ಲ್ಯಾಬ್ ಯಂತ್ರದಲ್ಲಿ ಕೂತು ತಂತ್ರಾಂಶದ ಫೋಲ್ಡರಿನ ಮೇಲೆ 'ಎಫ್‌ಎಸ್ ಎಗ್ಸಾಮಿನ್' ಓಡಿಸಿ ನೋಡಿ. (ಆದೇಶಗಳನ್ನು ಇಲ್ಲಿ ಬಾಯಲ್ಲಿ ಹೇಳುವಂತೆ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ.) ವಾಲ್ಯೂಮಿನ ಹೆಸರು 'ಲ್ಯಾಬ್.ಸಾಫ್ಟ್.ರೀಡ್‌ಓನ್ಲಿ' ಎಂದು ಬಂದರೆ ಯಂತ್ರ ಪ್ರತಿಯನ್ನು ಓದುತ್ತಿದೆ. ಬಾಲವಿಲ್ಲದೆ ಬರೀ 'ಲ್ಯಾಬ್.ಸಾಫ್ಟ್' ಎಂದು ಬಂದರೆ ಅದು ದಾವಣಗೆರೆಯ ಮೂಲವನ್ನೇ ಓದುತ್ತಿದೆ. ನಿಮ್ಮಲ್ಲಿ ಬರುವುದು ಎರಡನೆಯದು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಏಕೆಂದರೆ ನಿಮ್ಮ ಸೆಲ್‌ನ, ಅಂದರೆ ಕಾಲೇಜಿನ ಎಎಫ್‌ಎಸ್ ವ್ಯವಸ್ಥೆಯ, ಬೇರಾದ 'ರೂಟ್.ಸೆಲ್' ವಾಲ್ಯೂಮಿಗೆ ಪ್ರತಿ ಮಾಡಿದ ಮಾತು ನಿಮ್ಮ ಪ್ರಶ್ನೆಯಲ್ಲಿ ಎಲ್ಲೂ ಇಲ್ಲ.

ಎಎಫ್‌ಎಸ್‌ನಲ್ಲಿ ಯಾವ ಪ್ರತಿಯನ್ನು ಓದಬೇಕು ಎಂಬುದನ್ನು ಆ ವಾಲ್ಯೂಮ್ ಒಂದೇ ನಿರ್ಧರಿಸುವುದಿಲ್ಲ, ಅಲ್ಲಿಗೆ ಬಂದ ದಾರಿ ನಿರ್ಧರಿಸುತ್ತದೆ. ಕ್ಲೈಂಟ್ ಯಂತ್ರದ ಕ್ಯಾಶ್ ಮ್ಯಾನೇಜರ್ ಮೇಲಿನಿಂದ ಒಂದೊಂದೇ ಮೌಂಟ್ ಪಾಯಿಂಟ್ (ಒಂದು ವಾಲ್ಯೂಮಿನಿಂದ ಇನ್ನೊಂದಕ್ಕೆ ಹೋಗುವ ಬಾಗಿಲು) ದಾಟುತ್ತ ಕೆಳಗಿಳಿಯುತ್ತದೆ. ತಾನು ನಿಂತಿರುವ ವಾಲ್ಯೂಮ್ ರೀಡ್‌ಓನ್ಲಿ ಆಗಿದ್ದರೆ ಮುಂದಿನ ವಾಲ್ಯೂಮಿನಲ್ಲೂ ರೀಡ್‌ಓನ್ಲಿ ಪ್ರತಿ ಇದೆಯೇ ಎಂದು ಹುಡುಕುತ್ತದೆ. ಇದ್ದರೆ ಅದನ್ನು, ಇಲ್ಲದಿದ್ದರೆ ಮೂಲವನ್ನು ಹಿಡಿಯುತ್ತದೆ. ಆದರೆ ಒಮ್ಮೆ ಮೂಲ ವಾಲ್ಯೂಮಿಗೆ, ಅಂದರೆ ರೀಡ್‌ರೈಟ್ ದಾರಿಗೆ ಇಳಿಯಿತೋ, ಆಮೇಲೆ ಕೆಳಗೆ ಎಷ್ಟು ಪ್ರತಿಗಳಿದ್ದರೂ ತಿರುಗಿ ನೋಡುವುದಿಲ್ಲ. ನಿಮ್ಮ ರೂಟ್.ಸೆಲ್‌ಗೆ ಪ್ರತಿಯೇ ಇಲ್ಲ, ಹಾಗಾಗಿ ಯಂತ್ರ ಎರಡನೇ ಹೆಜ್ಜೆಯಲ್ಲೇ ರೀಡ್‌ರೈಟ್ ದಾರಿ ಹಿಡಿಯುತ್ತದೆ. ದುರ್ಗ1ರ ಡಿಸ್ಕಿನಲ್ಲಿ 40 ಜಿಬಿ ಸುಮ್ಮನೆ ಕೂತಿದೆ.

ಆದ್ದರಿಂದ ಪ್ರತಿ ಮಾಡುವ ಕೆಲಸವನ್ನು ಯಾವಾಗಲೂ ಬೇರಿನಿಂದ ಶುರು ಮಾಡಬೇಕು: ಮೊದಲು ರೂಟ್.ಎಎಫ್‌ಎಸ್ (ಎಲ್ಲಕ್ಕೂ ಮೇಲಿನ ವಾಲ್ಯೂಮ್), ಆಮೇಲೆ ರೂಟ್.ಸೆಲ್, ನಡುವೆ ಬೇರೆ ವಾಲ್ಯೂಮ್‌ಗಳಿದ್ದರೆ ಅವು, ಕೊನೆಗೆ ಲ್ಯಾಬ್.ಸಾಫ್ಟ್. ಕ್ಲೈಂಟ್‌ಗಳಲ್ಲಿ 'ಡೈನ್‌ರೂಟ್' ಆಯ್ಕೆ ಚಾಲೂ ಇದ್ದರೆ ರೂಟ್.ಎಎಫ್‌ಎಸ್ ಬಳಕೆಗೇ ಬರುವುದಿಲ್ಲ, ಮೇಲಿನ ಹಂತವನ್ನು ಕ್ಲೈಂಟೇ ಸೃಷ್ಟಿಸಿಕೊಳ್ಳುತ್ತದೆ. ಆಗ ರೂಟ್.ಸೆಲ್‌ನಿಂದ ಶುರು ಮಾಡಿದರೆ ಸಾಕು.

ಬರೆಯುವ ದಾರಿ ಮೊದಲು, ಪ್ರತಿ ಆಮೇಲೆ

ಈ ಪ್ರತಿಗಳಿಗೆ ಕೈ ಹಾಕುವ ಮುನ್ನ ಒಂದು ಕೆಲಸ ಇದೆ, ಇದನ್ನು ಬಿಟ್ಟವರು ಒದ್ದಾಡುತ್ತಾರೆ. ರೂಟ್.ಸೆಲ್‌ನ ಪ್ರತಿ ಬಿಡುಗಡೆಯಾದ ಕ್ಷಣದಿಂದ ನಿಮ್ಮ ಮಾಮೂಲಿ ದಾರಿ ಪೂರ್ತಿ ರೀಡ್‌ಓನ್ಲಿ ಆಗುತ್ತದೆ. ಅಲ್ಲಿ ಹೊಸ ಫೋಲ್ಡರ್ ಮಾಡಹೊರಟರೆ ಆಡಳಿತಗಾರರಿಗೂ 'ರೀಡ್‌ಓನ್ಲಿ ಫೈಲ್ ಸಿಸ್ಟಂ' ಎಂಬ ಉತ್ತರವೇ ಸಿಗುತ್ತದೆ. ಅದಕ್ಕೇ ಸೆಲ್ ಹೆಸರಿನ ಮುಂದೆ ಚುಕ್ಕಿ ಇಟ್ಟು ಇನ್ನೊಂದು ಮೌಂಟ್ ಪಾಯಿಂಟನ್ನು ಮೊದಲೇ ಮಾಡಿಡಬೇಕು:

ಎಫ್‌ಎಸ್ ಎಂಕೆಮೌಂಟ್ /ಎಎಫ್‌ಎಸ್/.ನಿಮ್ಮಸೆಲ್ ರೂಟ್.ಸೆಲ್ -ಆರ್‌ಡಬ್ಲ್ಯೂ

'ಎಫ್‌ಎಸ್ ಎಲ್‌ಎಸ್‌ಮೌಂಟ್' ಓಡಿಸಿದರೆ ಮಾಮೂಲಿ ಮೌಂಟಿಗೆ ಹ್ಯಾಶ್ ಗುರುತು, ಈ ಚುಕ್ಕಿಯ ಮೌಂಟಿಗೆ ಶೇಕಡಾ ಗುರುತು ಕಾಣಬೇಕು. ಇನ್ನು ಮೇಲೆ ಬದಲಾವಣೆ ಏನೇ ಇದ್ದರೂ ಚುಕ್ಕಿಯ ದಾರಿಯಲ್ಲಿ ಮಾಡಿ, ನಂತರ ರಿಲೀಸ್ ಮಾಡಿ. ಡೈನ್‌ರೂಟ್ ಇರುವ ಕ್ಲೈಂಟ್‌ಗಳಲ್ಲಿ ಚುಕ್ಕಿಯ ದಾರಿ ತಾನಾಗಿಯೇ ಇರುತ್ತದೆ. ಈ ಹೆಜ್ಜೆ ಮರೆತು ರಿಲೀಸ್ ಮಾಡಿಬಿಟ್ಟರೂ ಗಾಬರಿ ಬೇಡ: ನೀವು ಬರೆಯಬಲ್ಲ ಬೇರೆ ಯಾವುದಾದರೂ ವಾಲ್ಯೂಮಿನಲ್ಲಿ, ನಿಮ್ಮ ಸ್ವಂತ ಹೋಮ್ ಫೋಲ್ಡರ್ ಆದರೂ ಸರಿ, ರೂಟ್.ಸೆಲ್ ಅನ್ನು -ಆರ್‌ಡಬ್ಲ್ಯೂ ಜೊತೆ ಮೌಂಟ್ ಮಾಡಿಕೊಂಡು ಅಲ್ಲಿಂದ ಒಳಹೋಗಬಹುದು.

ಈಗ ಪ್ರತಿಯ ಜಾಗಗಳು. ಒಂದೊಂದು ವಾಲ್ಯೂಮಿಗೂ ಎರಡು ಸೈಟ್ ಕೊಡಿ, ಮೊದಲನೆಯದು ಮೂಲ ಇರುವ ಸರ್ವರಿನ ಅದೇ ಪಾರ್ಟಿಶನ್‌ನಲ್ಲೇ ಇರಲಿ:

ವಾಸ್ ಆ್ಯಡ್‌ಸೈಟ್ -ಸರ್ವರ್ ದವನ1 -ಪಾರ್ಟಿಶನ್ ಎ -ಐಡಿ ರೂಟ್.ಸೆಲ್
ವಾಸ್ ಆ್ಯಡ್‌ಸೈಟ್ -ಸರ್ವರ್ ದುರ್ಗ1 -ಪಾರ್ಟಿಶನ್ ಎ -ಐಡಿ ರೂಟ್.ಸೆಲ್
ವಾಸ್ ರಿಲೀಸ್ -ಐಡಿ ರೂಟ್.ಸೆಲ್ -ವರ್ಬೋಸ್

ಮೂಲದ ಪಕ್ಕದಲ್ಲೇ ಇನ್ನೊಂದು ಪ್ರತಿ ಯಾಕೆ, ಜಾಗ ದಂಡವಲ್ಲವೇ ಎಂದು ಅನೇಕರು ಕೇಳುತ್ತಾರೆ. ದಂಡವಲ್ಲ. ಒಂದೇ ಪಾರ್ಟಿಶನ್‌ನಲ್ಲಿರುವ ಪ್ರತಿ ಬರೀ ಕ್ಲೋನ್. ಬದಲಾಗದ ಫೈಲುಗಳ ದತ್ತಾಂಶವನ್ನು ಅದು ಮೂಲದೊಂದಿಗೆ ಹಂಚಿಕೊಳ್ಳುತ್ತದೆ. ಆದರೆ ಇದು ಇಲ್ಲದಿದ್ದರೆ ದೊಡ್ಡ ತೊಡಕಿದೆ. ರೀಡ್‌ಓನ್ಲಿ ದಾರಿಯಲ್ಲಿರುವ ಕ್ಲೈಂಟ್ ಪ್ರತಿಗಳ ನಡುವೆ ಮಾತ್ರ ಒಂದು ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ. ಪ್ರತಿಗಳೆಲ್ಲ ಕೈಗೆ ಸಿಗದಿದ್ದರೂ ಮೂಲಕ್ಕೆ ಹೋಗುವುದಿಲ್ಲ. ದುರ್ಗ1ರಲ್ಲಿ ಮಾತ್ರ ಪ್ರತಿ ಇಟ್ಟು ಮೇಲಿನ ದಾರಿ ಸರಿಪಡಿಸಿದಿರೋ, ಮುಂದಿನ ಸಲ ಕೇಬಲ್ ತುಂಡಾದಾಗ ದಾವಣಗೆರೆಯ ಲ್ಯಾಬ್, ಮೂಲ ಪಕ್ಕದ ಕೋಣೆಯಲ್ಲೇ ಇದ್ದರೂ, ನಿಂತುಹೋಗುತ್ತದೆ. ಇನ್ನೊಂದು ವಿಷಯ: ಮೂಲ ಇರುವ ಸರ್ವರಿನಲ್ಲೇ ಬೇರೆ ಪಾರ್ಟಿಶನ್‌ಗೆ ಪ್ರತಿ ಹಾಕಬೇಡಿ, ಒಂದು ಸರ್ವರಿಗೆ ಒಂದೇ ಪ್ರತಿ.

ಕ್ಲೋನ್ ಜಾಗ ಉಳಿಸುತ್ತದೆ ನಿಜ, ಆದರೆ ಹಂಚಿಕೆ ನಡೆಯುವುದು ಇಡೀ ಫೈಲಿನ ಮಟ್ಟದಲ್ಲಿ. 8 ಜಿಬಿಯ ಒಂದು ವರ್ಚುವಲ್ ಡಿಸ್ಕ್ ಫೈಲಿನ ನಡುವೆ ಒಂದೇ ಬೈಟ್ ತಿದ್ದಿದರೂ ಮೂಲದಲ್ಲಿ ಆ ಫೈಲ್ ಪೂರ್ತಿ ಹೊಸದಾಗಿ ನಕಲಾಗುತ್ತದೆ. ಅಂಥ ಫೈಲುಗಳಿದ್ದರೆ 'ವಾಸ್ ಪಾರ್ಟ್‌ಇನ್ಫೋ' ನೋಡಿ ಪಾರ್ಟಿಶನ್‌ನಲ್ಲಿ ಅಷ್ಟು ಜಾಗ ಬಿಟ್ಟಿರಿ.

ಆ್ಯಡ್‌ಸೈಟ್ ಆದೇಶ ದತ್ತಾಂಶವನ್ನು ಮುಟ್ಟುವುದಿಲ್ಲ. ವಾಲ್ಯೂಮ್‌ಗಳ ವಿಳಾಸಪಟ್ಟಿಯಾದ ವಿಎಲ್‌ಡಿಬಿಯಲ್ಲಿ ಒಂದು ಸಾಲು ಬರೆಯುತ್ತದೆ, ಅಷ್ಟೇ. ರಿಲೀಸ್ ಆಗುವವರೆಗೆ ಆ ಸೈಟಿನ ಮುಂದೆ 'ನಾಟ್ ರಿಲೀಸ್ಡ್' ಎಂದಿರುತ್ತದೆ. ನಿಜವಾದ ಸಾಗಾಟ ನಡೆಯುವುದು ರಿಲೀಸ್‌ನಲ್ಲಿ. ಮುಗಿದ ಮೇಲೆ 'ವಾಸ್ ಎಗ್ಸಾಮಿನ್' ಕೊಟ್ಟರೆ ಮೂರು ಸೈಟ್ ಕಾಣಬೇಕು: ದವನ1ರಲ್ಲಿ ಒಂದು ಆರ್‌ಡಬ್ಲ್ಯೂ (ಮೂಲ), ಒಂದು ಆರ್‌ಓ (ರೀಡ್‌ಓನ್ಲಿ ಪ್ರತಿ), ದುರ್ಗ1ರಲ್ಲಿ ಒಂದು ಆರ್‌ಓ. ಸಾಮಾನ್ಯವಾಗಿ ಪ್ರತಿಯ ಐಡಿ ಮೂಲದ ಐಡಿಗಿಂತ ಒಂದು ಹೆಚ್ಚಿರುತ್ತದೆ: ಮೂಲ 536870918 ಆದರೆ ಪ್ರತಿ 536870919. ಲಾಗ್ ಓದುವಾಗ ಯಾವುದರ ಮಾತು ಎಂದು ಹಿಡಿಯಲು ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಹತ್ತಿರದ ಸರ್ವರನ್ನು ಯಂತ್ರಕ್ಕೆ ತೋರಿಸಿಕೊಡುವುದು

ದಾರಿ ಸರಿಯಾಯಿತು ಎಂದುಕೊಳ್ಳಿ. ಆದರೂ ದುರ್ಗದ ಕೆಲವು ಯಂತ್ರಗಳು ದಾವಣಗೆರೆಯ ಪ್ರತಿಯನ್ನೇ ಓದಬಹುದು. ಕ್ಯಾಶ್ ಮ್ಯಾನೇಜರ್ ಒಂದೊಂದು ಸರ್ವರಿಗೂ ಒಂದು ಅಂಕಿ ಕೊಟ್ಟಿರುತ್ತದೆ, ಅಂಕಿ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು. ಸರ್ವರ್ ಅದೇ ಯಂತ್ರದಲ್ಲಿದ್ದರೆ 5,000, ಅದೇ ಸಬ್‌ನೆಟ್ ಆದರೆ 20,000, ಅದೇ ನೆಟ್‌ವರ್ಕ್ ಆದರೆ 30,000, ಉಳಿದದ್ದಕ್ಕೆ 40,000. ಇದರ ಮೇಲೆ ಒಂದಿಷ್ಟು ಯಾದೃಚ್ಛಿಕ ಅಂಕಿ ಸೇರುತ್ತದೆ. ಇಲ್ಲಿ 'ಅದೇ ನೆಟ್‌ವರ್ಕ್' ಎಂಬುದು ಹಳೆಯ ವರ್ಗಗಳ ಲೆಕ್ಕ. ಎರಡೂ ಕ್ಯಾಂಪಸ್ 10ರಿಂದ ಶುರುವಾಗುವ ಖಾಸಗಿ ವಿಳಾಸ ಬಳಸುತ್ತಿದ್ದರೆ, ಲ್ಯಾಬ್ ಒಂದು ಸಬ್‌ನೆಟ್‌ನಲ್ಲಿ, ಸರ್ವರ್ ಕೋಣೆ ಇನ್ನೊಂದರಲ್ಲಿ ಇದ್ದರೆ, ದುರ್ಗದ ಯಂತ್ರದ ಕಣ್ಣಿಗೆ ದುರ್ಗ1 ಮತ್ತು ದವನ1 ಎರಡೂ 30,000ದ ಸಾಲಿನಲ್ಲೇ ನಿಲ್ಲುತ್ತವೆ. ಯಾವುದನ್ನು ಆರಿಸಿಕೊಳ್ಳುತ್ತದೆ ಎಂಬುದು ಆ ಯಾದೃಚ್ಛಿಕ ಅಂಕಿಯ ಪಾಲು. ಒಂದೇ ಲ್ಯಾಬಿನಲ್ಲಿ ಒಂದು ಯಂತ್ರ ಚುರುಕು, ಪಕ್ಕದ್ದು ನಿಧಾನ ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ.

'ಎಫ್‌ಎಸ್ ಗೆಟ್‌ಸರ್ವರ್‌ಪ್ರೆಫ್ಸ್' ಈಗಿನ ಅಂಕಿಗಳನ್ನು ತೋರಿಸುತ್ತದೆ. ದುರ್ಗದ ಎಲ್ಲ ಕ್ಲೈಂಟ್‌ಗಳಲ್ಲಿ ಹೀಗೆ ಕೊಡಿ:

ಎಫ್‌ಎಸ್ ಸೆಟ್‌ಸರ್ವರ್‌ಪ್ರೆಫ್ಸ್ -ಸರ್ವರ್ಸ್ ದುರ್ಗ1 5000 -ವಿಎಲ್‌ಸರ್ವರ್ಸ್ ದುರ್ಗ1 5000

ಇದನ್ನು ರೂಟ್ ಬಳಕೆದಾರರಾಗಿಯೇ ಓಡಿಸಬೇಕು. ಯಂತ್ರ ಮರುಚಾಲನೆಯಾದರೆ ಈ ಅಂಕಿಗಳು ಅಳಿಸಿಹೋಗುತ್ತವೆ, ಆದ್ದರಿಂದ ಎಎಫ್‌ಎಸ್ ಕ್ಲೈಂಟ್ ಶುರುವಾದ ಬಳಿಕ ತಾನೇ ಓಡುವಂತೆ ಸ್ಟಾರ್ಟಪ್ ಸ್ಕ್ರಿಪ್ಟಿಗೆ ಸೇರಿಸಿ. ಕರೆಂಟ್ ಹೋಗಿಬಂದ ಮೇಲೆ ಲ್ಯಾಬ್ ಮತ್ತೆ ನಿಧಾನವಾಯಿತು ಎಂದರೆ ಮೊದಲು ನೋಡಬೇಕಾದ ಜಾಗ ಇದು.

ಕೇಬಲ್ ತುಂಡಾದಾಗ

ಮೇಲಿನ ಆದೇಶದಲ್ಲಿ ವಿಎಲ್‌ಸರ್ವರ್ ಎಂದದ್ದು ಸುಮ್ಮನೆ ಅಲ್ಲ. ದತ್ತಾಂಶ ದುರ್ಗದಲ್ಲೇ ಇದ್ದರೂ, ಅದು ಎಲ್ಲಿದೆ ಎಂದು ಹೇಳುವ ವಿಎಲ್‌ಡಿಬಿ ದಾವಣಗೆರೆಯಲ್ಲಿ ಮಾತ್ರ ಇದ್ದರೆ, ಆನಗೋಡಿನ ಹತ್ತಿರವೋ ಭರಮಸಾಗರದ ಹತ್ತಿರವೋ ಕೇಬಲ್ ಕಡಿದ ದಿನ ದುರ್ಗದ ಯಂತ್ರಗಳು ಸ್ವಲ್ಪ ಹೊತ್ತು ನೆನಪಿನಲ್ಲಿದ್ದ ವಿಳಾಸದ ಮೇಲೆ ಓಡಿ ಆಮೇಲೆ ನಿಲ್ಲುತ್ತವೆ. ಆದ್ದರಿಂದ ದುರ್ಗ1ರಲ್ಲಿ ವಿಎಲ್‌ಸರ್ವರ್ (ವಿಎಲ್‌ಡಿಬಿ ನಡೆಸುವ ಪ್ರೋಸೆಸ್), ಪಿಟಿಸರ್ವರ್ (ಬಳಕೆದಾರರ, ಗುಂಪುಗಳ ಪಟ್ಟಿ ನಡೆಸುವಂಥದ್ದು) ಎರಡನ್ನೂ ನಡೆಸಬೇಕು. ಎಲ್ಲ ಸರ್ವರ್‌ಗಳಲ್ಲೂ 'ಬಾಸ್ ಆ್ಯಡ್‌ಹೋಸ್ಟ್' ಮಾಡಿ, ಡೇಟಾಬೇಸ್ ಪ್ರೋಸೆಸ್‌ಗಳನ್ನು ಮರುಚಾಲನೆ ಮಾಡಿ, ಕ್ಲೈಂಟ್‌ಗಳ ಸೆಲ್‌ಸರ್ವ್‌ಡಿಬಿ (ಡೇಟಾಬೇಸ್ ಸರ್ವರ್‌ಗಳ ಪಟ್ಟಿ) ಫೈಲಿನಲ್ಲೋ ಡಿಎನ್‌ಎಸ್ ದಾಖಲೆಯಲ್ಲೋ ದುರ್ಗ1 ಸೇರಿಸಿ.

ಡೇಟಾಬೇಸ್‌ಗೆ ಬರೆಯಲು ಸರ್ವರ್‌ಗಳ ಬಹುಮತ ಬೇಕು. ವಾಲ್ಯೂಮ್ ಎಲ್ಲಿದೆ ಎಂದು ಓದಲು ಬೇಡ. ಹಾಗಾಗಿ ದುರ್ಗ1 ಒಂಟಿಯಾದಾಗಲೂ ವಿಳಾಸ ಹೇಳುತ್ತದೆ, ರಿಲೀಸ್ ಮಾತ್ರ ಆಗುವುದಿಲ್ಲ. ಮೂರು ಡೇಟಾಬೇಸ್ ಸರ್ವರ್ ಇದ್ದರೆ ಒಳ್ಳೆಯದು, ಎರಡು ದಾವಣಗೆರೆಯಲ್ಲಿ, ಒಂದು ದುರ್ಗದಲ್ಲಿ. ಸದ್ಯಕ್ಕೆ ಎರಡೇ ಎಂದಾದರೆ ಒಂದು ಸೂಕ್ಷ್ಮ ಗಮನಿಸಿ: ಎರಡು ಮತ ಸಮವಾದಾಗ ಐಪಿ ವಿಳಾಸ ಚಿಕ್ಕದಿರುವ ಸರ್ವರಿಗೆ ಹೆಚ್ಚಿನ ತೂಕ ಸಿಗುತ್ತದೆ. ದವನ1ರ ವಿಳಾಸ ದುರ್ಗ1ರದಕ್ಕಿಂತ ಚಿಕ್ಕದಾಗಿರುವಂತೆ ನೋಡಿಕೊಂಡರೆ ಲಿಂಕ್ ಕಡಿದಾಗಲೂ ದಾವಣಗೆರೆಯಲ್ಲಿ ಎಲ್ಲ ಕೆಲಸ ನಡೆಯುತ್ತದೆ. ಎರಡೂ ಕಡೆ ಗಡಿಯಾರ ಎನ್‌ಟಿಪಿಯಿಂದ ಸರಿಹೊಂದಿರಬೇಕು. ಲಾಗಿನ್‌ಗೆ ಗುರುತು ಪರಿಶೀಲಿಸುವ ಕರ್ಬರಾಸ್ ಬೇಕಲ್ಲ, ದುರ್ಗದಲ್ಲಿ ಅದರ ಸರ್ವರಾದ ಕೆಡಿಸಿಯ ಒಂದು ಪ್ರತಿಯನ್ನೂ ಇಡಿ. ಇಲ್ಲದಿದ್ದರೆ ತಂತ್ರಾಂಶ ಸಿದ್ಧವಿದ್ದೂ ವಿದ್ಯಾರ್ಥಿಗಳು ಒಳಗೇ ಬರಲಾಗುವುದಿಲ್ಲ.

ರಿಲೀಸ್ ಎಂಬ ಕೆಲಸ

ಪ್ರತಿ ತಾನಾಗಿಯೇ ಮೂಲದ ಜೊತೆ ಹೆಜ್ಜೆ ಹಾಕುವುದಿಲ್ಲ. ಪತ್ರಿಕೆಯ ಅಚ್ಚಾದ ಸಂಚಿಕೆ ಹೇಗೋ ಹಾಗೆ: ಕಚೇರಿಯಲ್ಲಿ ಬರಹ ತಿದ್ದಿದ ಮಾತ್ರಕ್ಕೆ ಅಂಗಡಿಗೆ ಹೋದ ಪತ್ರಿಕೆ ಬದಲಾಗದು, ಮುಂದಿನ ಸಂಚಿಕೆ ಬರಬೇಕು. 'ಫೈಲ್ ತಿದ್ದಿದ್ದೇನೆ, ಯಾರಿಗೂ ಕಾಣುತ್ತಿಲ್ಲ' ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಮರೆತ ರಿಲೀಸ್. ಹೊಸ ಮೌಂಟ್ ಪಾಯಿಂಟ್ ಸೇರಿಸಿದರೆ ರಿಲೀಸ್ ಮಾಡಬೇಕಾದದ್ದು ಅದನ್ನು ಹೊತ್ತಿರುವ ಮೇಲಿನ ವಾಲ್ಯೂಮನ್ನು, ಇದು ಇನ್ನೂ ಸುಲಭವಾಗಿ ಮರೆಯುತ್ತದೆ. ಹೊಸದಾಗಿ ಪ್ರತಿ ಮಾಡಿದ ವಾಲ್ಯೂಮ್ ಕ್ಲೈಂಟಿಗೆ ತಕ್ಷಣ ಗೊತ್ತಾಗದಿದ್ದರೆ 'ಎಫ್‌ಎಸ್ ಚೆಕ್‌ವಾಲ್ಯೂಮ್ಸ್' ಕೊಡಿ. ಇಲ್ಲವಾದರೆ ಅದು ತನ್ನ ಪಟ್ಟಿಯನ್ನು ಗಂಟೆಗೊಮ್ಮೆ ಪರಿಷ್ಕರಿಸುವವರೆಗೆ ಕಾಯಬೇಕು.

ಈ ಗುಣ ದೋಷವಲ್ಲ, ಇದರ ಲಾಭ ಪಡೆಯಿರಿ. ಪ್ರಾಯೋಗಿಕ ಪರೀಕ್ಷೆಯ ವಾರದಲ್ಲಿ ಹೊಸ ಕಂಪೈಲರನ್ನು ಚುಕ್ಕಿಯ ದಾರಿಯಲ್ಲಿ ಹಾಕಿ ನೀವೊಬ್ಬರೇ ಪರೀಕ್ಷಿಸಬಹುದು, ಲ್ಯಾಬಿನಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಹಾಗಾಗಿ ತಂತ್ರಾಂಶದ ವಾಲ್ಯೂಮ್‌ಗಳನ್ನು ಕ್ರಾನ್‌ಗೆ (ನಿಗದಿತ ಹೊತ್ತಿಗೆ ಆದೇಶ ಓಡಿಸುವ ವ್ಯವಸ್ಥೆ) ಹಾಕಿ ರಾತ್ರಿ ತಾನಾಗಿ ರಿಲೀಸ್ ಮಾಡಿಸುವುದು ನಮಗೆ ಒಪ್ಪಿಗೆಯಿಲ್ಲ. ಅರ್ಧ ಅನುಸ್ಥಾಪನೆಯಾದ ತಂತ್ರಾಂಶ ಬೆಳಗಾಗುವಷ್ಟರಲ್ಲಿ ಎರಡೂ ಊರಿನ ಲ್ಯಾಬಿಗೆ ಹೋಗಿರುತ್ತದೆ. ಪಾಠದ ಟಿಪ್ಪಣಿ, ವೆಬ್ ಪುಟಗಳಂಥವಕ್ಕೆ ಕ್ರಾನ್ ಸರಿ, ಸರ್ವರಿನ ಮೇಲೆಯೇ -ಲೋಕಲ್‌ಆತ್ (ಸರ್ವರಿನ ಕೀಲಿಯನ್ನೇ ಬಳಸುವ ಆಯ್ಕೆ) ಜೊತೆ ಓಡಿಸಿ. ವಿದ್ಯಾರ್ಥಿಗಳ ಹೋಮ್ ಫೋಲ್ಡರ್‌ಗಳಿಗಂತೂ ಪ್ರತಿ ಬೇಡವೇ ಬೇಡ. ದುರ್ಗದ ವಿದ್ಯಾರ್ಥಿಗಳ ಮೂಲ ವಾಲ್ಯೂಮನ್ನೇ ದುರ್ಗ1ರಲ್ಲಿ ಇಡಿ.

40 ಜಿಬಿಯನ್ನು ಒಂದೇ ವಾಲ್ಯೂಮಿನಲ್ಲಿ ತುಂಬಿರುವುದೂ ಸರಿಯಲ್ಲ. 20 ಎಂಬಿಪಿಎಸ್ ಲಿಂಕಿನಲ್ಲಿ ಮೊದಲ ರಿಲೀಸ್‌ಗೆ ಸುಮಾರು ನಾಲ್ಕೂವರೆ ಗಂಟೆ ಬೇಕು. ಲಿಂಕ್ ದೊಡ್ಡದು ಮಾಡಿದರೂ ಅದೇ ಪ್ರಮಾಣದಲ್ಲಿ ವೇಗ ಸಿಗದು. ಎಎಫ್‌ಎಸ್ ಬಳಸುವ ಆರ್‌ಎಕ್ಸ್ ಪ್ರೋಟೋಕಾಲ್ ಉತ್ತರಕ್ಕೆ ಕಾಯದೆ ಒಮ್ಮೆಗೆ 32 ಪ್ಯಾಕೆಟ್, ಅಂದರೆ ಸುಮಾರು 45 ಕೆಬಿ ಮಾತ್ರ ಕಳಿಸುತ್ತದೆ. ಹೋಗಿಬರುವ ಸಮಯ 10 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ನಾಲ್ಕೂವರೆ ಎಂಬಿ, 36 ಎಂಬಿಪಿಎಸ್‌ನ ಆಸುಪಾಸು. 100 ಎಂಬಿಪಿಎಸ್ ಲೈನ್ ಹಾಕಿಸಿದರೂ ಒಂದು ವಾಲ್ಯೂಮ್ ಸಾಗುವ ವೇಗ ಅಷ್ಟೇ. ಎರಡನೇ ಸಲದಿಂದ ಬದಲಾದದ್ದು ಮಾತ್ರ ಹೋಗುತ್ತದೆ, ನಿಜ. ಆದರೂ ಒಂದೊಂದು ತಂತ್ರಾಂಶಕ್ಕೆ ಒಂದೊಂದು ವಾಲ್ಯೂಮ್ ಮಾಡಿದರೆ ರಿಲೀಸ್ ಬೇಗ ಮುಗಿಯುತ್ತದೆ, ನಡುವೆ ಕೆಟ್ಟರೂ ನಷ್ಟ ಕಡಿಮೆ. ಹೆಸರು 22 ಅಕ್ಷರ ಮೀರದಿರಲಿ, ಬಾಲಕ್ಕೆ ಜಾಗ ಬೇಕು. ವಾಲ್ಯೂಮ್ ಮಾಡುವಾಗಲೇ -ಮ್ಯಾಕ್ಸ್‌ಕೋಟಾ ಕೊಡಿ. ಅದು ಕಿಲೋಬೈಟ್ ಲೆಕ್ಕ, ಕೊಡದಿದ್ದರೆ ಸಿಗುವುದು ಬರೀ 5,000 ಕಿಲೋಬೈಟ್.

ರಿಲೀಸ್ ಕೆಡುವ ಬಗೆಗಳು

ಆ್ಯಡ್‌ಸೈಟ್ ಸಲೀಸು, ರಿಲೀಸ್ ಮಾತ್ರ ಸೋಲುತ್ತದೆ ಎಂದರೆ ಫೈರ್‌ವಾಲ್ ನೋಡಿ. ಆ್ಯಡ್‌ಸೈಟ್ ಮುಖ್ಯವಾಗಿ ವಿಎಲ್‌ಸರ್ವರಿನ ಯುಡಿಪಿ 7003ರ ಜೊತೆ ವ್ಯವಹರಿಸುತ್ತದೆ, ಎರಡು ಫೈಲ್ ಸರ್ವರ್‌ಗಳು ಪರಸ್ಪರ ಮಾತಾಡಬೇಕಿಲ್ಲ. ರಿಲೀಸ್‌ನಲ್ಲಿ ದವನ1ರ ವಾಲ್‌ಸರ್ವರ್ (ವಾಲ್ಯೂಮ್ ಸಾಗಿಸುವ ಪ್ರೋಸೆಸ್) ನೇರವಾಗಿ ದುರ್ಗ1ರ ವಾಲ್‌ಸರ್ವರ್ ಜೊತೆ 7005ರಲ್ಲಿ ಮಾತಾಡುತ್ತದೆ. ನಿಮ್ಮ ಮೇಜಿನ ಯಂತ್ರಕ್ಕೆ ಮಾತ್ರ ಬಾಗಿಲು ತೆರೆದಿದ್ದರೆ ಸಾಲದು. ಫೈಲ್‌ಸರ್ವರಿಗೆ 7000, ಕ್ಲೈಂಟ್‌ಗೆ ಸರ್ವರ್‌ನಿಂದ ಬರುವ ಕಾಲ್‌ಬ್ಯಾಕ್‌ಗೆ (ಫೈಲ್ ಬದಲಾಯಿತೆಂಬ ಸೂಚನೆ) 7001, ಪಿಟಿಸರ್ವರಿಗೆ 7002, ಬಾಸ್‌ಸರ್ವರಿಗೆ 7007, ಎಲ್ಲವೂ ಯುಡಿಪಿ.

ಸಣ್ಣ ವಾಲ್ಯೂಮ್ ಸರಾಗ, ದೊಡ್ಡದು ಶುರುವಾಗಿ ಅಲ್ಲೇ ನಿಲ್ಲುತ್ತದೆ ಎಂದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೆ ಅನುಮಾನ ಪಡಿ. ಎರಡು ಕ್ಯಾಂಪಸ್ ನಡುವೆ ವಿಪಿಎನ್ ಟನಲ್ ಇದ್ದರೆ ದೊಡ್ಡ ಪ್ಯಾಕೆಟ್‌ಗಳು ಅಲ್ಲೇ ಬಿದ್ದುಹೋಗುತ್ತವೆ. ಫೈಲ್‌ಸರ್ವರ್ ಮತ್ತು ವಾಲ್‌ಸರ್ವರ್‌ಗೆ -ಆರ್‌ಎಕ್ಸ್‌ಮ್ಯಾಕ್ಸ್‌ಎಂಟಿಯು ಆಯ್ಕೆಯಲ್ಲಿ 1300ರ ಹತ್ತಿರದ ಅಂಕಿ ಕೊಟ್ಟು ನೋಡಿ.

ದುರ್ಗ1ನ್ನು ದವನ1ರ ವರ್ಚುವಲ್ ಯಂತ್ರದಿಂದ ನಕಲು ಮಾಡಿದ್ದೀರಾ? ಹಾಗಿದ್ದರೆ ಎಎಫ್‌ಎಸ್‌ನ ಲೋಕಲ್ ಫೋಲ್ಡರಿನಲ್ಲಿರುವ 'ಸಿಸ್‌ಐಡಿ' ಫೈಲೂ ನಕಲಾಗಿ ಎರಡೂ ಸರ್ವರ್ ಒಂದೇ ಗುರುತು ಹೇಳಿಕೊಳ್ಳುತ್ತವೆ, ವಿಎಲ್‌ಡಿಬಿ ಗೊಂದಲಕ್ಕೆ ಬೀಳುತ್ತದೆ. 'ವಾಸ್ ಲಿಸ್ಟ್‌ಅಡ್ರ್ಸ್ -ಪ್ರಿಂಟ್‌ಯುಯುಐಡಿ' ಇದನ್ನು ಬಯಲು ಮಾಡುತ್ತದೆ. ನಕಲು ಸರ್ವರಿನಲ್ಲಿ ಆ ಫೈಲ್ ಅಳಿಸಿ ಫೈಲ್‌ಸರ್ವರ್ ಮರುಚಾಲನೆ ಮಾಡಿ. ಡೆಬಿಯನ್, ಉಬುಂಟು ಸರ್ವರ್‌ಗಳಲ್ಲಿ ಹೋಸ್ಟ್ಸ್ ಫೈಲಿನಲ್ಲಿರುವ 127.0.1.1 ಸಾಲನ್ನೂ ತೆಗೆಯಿರಿ. ಸರ್ವರಿನ ಹೆಸರು ನಿಜವಾದ ವಿಳಾಸಕ್ಕೇ ಹೋಗಬೇಕು.

ರಿಲೀಸ್ ನಡೆಯುತ್ತಿರುವಾಗಲೇ ಲಿಂಕ್ ಹೋದರೆ 'ವಾಸ್ ಎಗ್ಸಾಮಿನ್' ಒಂದು ಸೈಟಿಗೆ 'ನ್ಯೂ ರಿಲೀಸ್', ಇನ್ನೊಂದಕ್ಕೆ 'ಓಲ್ಡ್ ರಿಲೀಸ್' ಎನ್ನುತ್ತದೆ, ವಾಲ್ಯೂಮ್ ಲಾಕ್ ಆಗಿರುತ್ತದೆ. ಆತುರದಲ್ಲಿ ಅನ್‌ಲಾಕ್ ಮಾಡಬೇಡಿ. ಎರಡೂ ಸರ್ವರಿನಲ್ಲಿ 'ವಾಸ್ ಸ್ಟೇಟಸ್' ಕೊಟ್ಟು ಯಾವ ವಹಿವಾಟೂ ಬಾಕಿಯಿಲ್ಲ ಎಂದು ಖಚಿತವಾದ ಮೇಲೆ 'ವಾಸ್ ಅನ್‌ಲಾಕ್', ಆಮೇಲೆ ಅದೇ ರಿಲೀಸ್ ಮತ್ತೊಮ್ಮೆ. ಪ್ರತಿ ಬೇಡವೆನಿಸಿದರೆ .ರೀಡ್‌ಓನ್ಲಿ ಹೆಸರಿನ ಮೇಲೆ 'ವಾಸ್ ರಿಮೂವ್' ಬಳಸಿ. 'ರೆಮ್‌ಸೈಟ್' ಪಟ್ಟಿಯಿಂದ ಸಾಲನ್ನು ಮಾತ್ರ ಅಳಿಸುತ್ತದೆ, ದತ್ತಾಂಶ ಡಿಸ್ಕಿನಲ್ಲೇ ಅನಾಥವಾಗಿ ಉಳಿಯುತ್ತದೆ.

ದವನ1ರ ಡಿಸ್ಕೇ ಸತ್ತರೆ ದುರ್ಗ1ರ ಪ್ರತಿಯನ್ನು 'ವಾಸ್ ಕನ್ವರ್ಟ್‌ಆರ್‌ಒಟುಆರ್‌ಡಬ್ಲ್ಯೂ' ಆದೇಶದಿಂದ ಮೂಲವನ್ನಾಗಿ ಬದಲಿಸಬಹುದು. ಕೊನೆಯ ರಿಲೀಸ್ ಆದ ನಂತರದ ಬದಲಾವಣೆಗಳು ಸಿಗುವುದಿಲ್ಲ, ಆದ್ದರಿಂದ ಪ್ರತಿ ಇದೆಯೆಂದು ಬ್ಯಾಕಪ್ ಬಿಡಬೇಡಿ. ಲಿಂಕ್ ಹೋಯಿತೆಂದು ಈ ಆದೇಶ ಕೊಡುವುದು ಮಾತ್ರ ತಪ್ಪು: ದವನ1 ಮರಳಿ ಬಂದಾಗ ಒಂದೇ ಐಡಿಯ ಎರಡು ಮೂಲಗಳು ನಿಮ್ಮ ಕೈಯಲ್ಲಿರುತ್ತವೆ.

ಎಲ್ಲ ಮುಗಿದ ಮೇಲೆ ತರಗತಿಯಿಲ್ಲದ ಒಂದು ಭಾನುವಾರ ದುರ್ಗದ ರೌಟರಿನಿಂದ ದಾವಣಗೆರೆಯ ಕೇಬಲ್ ಕಿತ್ತು ಪರೀಕ್ಷಿಸಿ. ಸತ್ತ ಸರ್ವರಿಗಾಗಿ ಕ್ಲೈಂಟ್ ಒಂದು ನಿಮಿಷದ ಆಸುಪಾಸು ಕಾಯುವುದುಂಟು, ಅದಕ್ಕೆ ಬೆದರಬೇಡಿ. ಆಮೇಲೆ ಹಿಂದೆ ತೆರೆಯದ ತಂತ್ರಾಂಶವನ್ನೇ ತೆರೆಯಿರಿ, ತೆರೆದದ್ದು ಕ್ಯಾಶಿನಿಂದಲೇ ಬಂದು ಮೋಸ ಮಾಡುತ್ತದೆ. 'ಎಫ್‌ಎಸ್ ವೇರ್‌ಇಸ್' ಎರಡು ಸರ್ವರಿನ ಹೆಸರು ಹೇಳಬೇಕು, 'ಎಫ್‌ಎಸ್ ಎಗ್ಸಾಮಿನ್' .ರೀಡ್‌ಓನ್ಲಿ ಬಾಲ ತೋರಿಸಬೇಕು. ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ ನೋಡಿ. ಕೇಬಲ್ ಮರಳಿ ಹಾಕಿದ ಮೇಲೆ ಕ್ಲೈಂಟ್ ಮೂರು ನಿಮಿಷಕ್ಕೊಮ್ಮೆ ತಾನೇ ವಿಚಾರಿಸಿ ದವನ1ನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಕಾಯಲು ಮನಸ್ಸಿಲ್ಲದಿದ್ದರೆ 'ಎಫ್‌ಎಸ್ ಚೆಕ್‌ಸರ್ವರ್ಸ್' ಕೊಡಿ.